ಸದರಿ ನೀಲಿ ಕಾರು ಹೊತ್ತಿಕೊಂಡ ಬಗ್ಗೆ

ನಾನು, ಕಾರು ಕಲಿಯಲು ಬಂದವರೆಲ್ಲ ಟೀಚರಮ್ಮ ಎಂದು ಕರೆಯುವವಳು, ವಯಸ್ಸು ಅರವತ್ತೊಂದು ವರ್ಷ, ಕಸುಬು ವಾಹನ ಚಾಲನೆ ಕಲಿಸುವುದು, ವಾಸ ಆಟದ ಮೈದಾನದ ಹಿಂದಿನ ಬೀದಿಯ ಕೊನೆಯ ಮನೆ, ಇಂದು ಠಾಣೆಗೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ನನ್ನೊಂದಿಗೆ ಎಂಬತ್ತಾರು ವರ್ಷದ ನನ್ನ ಅತ್ತೆ ವಾಸವಾಗಿರುತ್ತಾರೆ. ನನ್ನ ಯಜಮಾನರು ತೀರಿಕೊಂಡು ಮೂರು ವರ್ಷವಾಗಿರುತ್ತದೆ. ಹನ್ನೊಂದು ವರ್ಷದ ಹಿಂದೆ ನಾನೂ ಅವರೂ ಸೇರಿ ನೀಲಿ ಬಣ್ಣದ ಎಲೆಕ್ಟ್ರಿಕ್ ಕಾರು ಕೊಂಡೆವು. ನಮ್ಮ ಬೀದಿಗೆ ಅಂಥದ್ದು ಅದೇ ಮೊದಲು. ಯಜಮಾನರು ಬಸ್ಸು ಓಡಿಸಿ ನಿವೃತ್ತರಾದವರು. ಗೇರಿಲ್ಲ, ಕ್ಲಚ್ಚಿಲ್ಲ, ಸದ್ದಿಲ್ಲ, ಇದು ಗಾಡಿಯೋ ಇಸ್ತ್ರಿಪೆಟ್ಟಿಗೆಯೋ ಎಂದು ಮೊದಲ ದಿನ ನಗಾಡಿದರು. ವಾರ ಕಳೆಯುವಷ್ಟರಲ್ಲಿ ಕೀ ನನ್ನ ಕೈಗೆ ಸಿಗುವುದೇ ಕಷ್ಟವಾಯಿತು. ಆದರೆ ಅವರ ಎಡಗಾಲಿಗೆ ಅಭ್ಯಾಸ ಬಿಡಲಿಲ್ಲ. ಇಲ್ಲದ ಕ್ಲಚ್ಚನ್ನು ತುಳಿಯುತ್ತಲೇ ಇತ್ತು. ಕಾಯಿಲೆ ಬಿದ್ದು ಪಕ್ಕದ ಸೀಟಿಗೆ ಬಂದ ಮೇಲೂ, ನಾನು ಬ್ರೇಕ್ ಹಾಕಿದಾಗಲೆಲ್ಲ ಅವರು ಕಾಲು ಒತ್ತುತ್ತಿದ್ದರು. ಅಲ್ಲಿ ಮ್ಯಾಟು ಅಂಗೈಯಗಲ ಸವೆದುಹೋಗಿತ್ತು.

ಕೇಸಿಗೆ ಸಂಬಂಧವಿಲ್ಲದ್ದು ಬೇಡ ಎಂದು ಬರೆದುಕೊಳ್ಳುತ್ತಿರುವ ಪೇದೆ ಹೇಳಿದರು. ಸಂಬಂಧವಿದೆ, ಬರೆದುಕೊಳ್ಳಿ ಎಂದೆನು.

ಈಗ ಠಾಣೆಯಲ್ಲಿ ಕೂರಿಸಿರುವ ಸರ್ವಿಸ್ ಸೆಂಟರಿನ ಮೆಕ್ಯಾನಿಕ್ ಸದರಿ ಕಾರಿನಲ್ಲೇ ಚಾಲನೆ ಕಲಿತವನು. ಹಿಂದಕ್ಕೆ ತೆಗೆಯುವಾಗ ಎರಡು ಸಲ ನನ್ನ ಗೇಟಿಗೆ ಗುದ್ದಿದವನು. ಆಗೆಲ್ಲ ಯಜಮಾನರು ಅವನನ್ನು ಬೈಯದೆ, ಗೇಟೇ ಅಡ್ಡ ಬಂತು ಬಿಡು ಎನ್ನುತ್ತಿದ್ದರು.

ಹೊಸದರಲ್ಲಿ ಒಂದು ಚಾರ್ಜಿಗೆ ನೂರೈವತ್ತು ಕಿಲೋಮೀಟರ್ ಓಡುತ್ತಿದ್ದ ಕಾರು ಈಚೆಗೆ ಎಂಬತ್ತಕ್ಕೆ ಇಳಿದಿತ್ತು. ವಯಸ್ಸಾದ ಮೇಲೆ ನಾವೂ ಅಷ್ಟೇ ಎಂದು ಸುಮ್ಮನಿದ್ದೆನು. ಎರಡು ತಿಂಗಳ ಹಿಂದೆ ಕಂಪನಿಯವರು ಫೋನ್ ಮಾಡಿ, ಆ ವರ್ಷದ ಬ್ಯಾಟರಿಗಳಲ್ಲಿ ದೋಷವಿದೆ, ಒಳಗೊಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು, ಪೂರ್ತಿ ಚಾರ್ಜ್ ಮಾಡಬೇಡಿ, ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ ಎಂದು ತಿಳಿಸಿದರು. ಹಾಗೆಯೇ ಮಾಡಿ, ಕಾರನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸುತ್ತಿದ್ದೆನು. ಅದರಲ್ಲಿ ಕಲಿಸುವುದನ್ನೂ ನಿಲ್ಲಿಸಿದೆನು. ಈ ಮಾದರಿಗೆ ಹೊಸ ಬ್ಯಾಟರಿ ಈಗ ತಯಾರಾಗುತ್ತಿಲ್ಲ, ಆದ್ದರಿಂದ ಕಾರನ್ನೇ ವಾಪಸ್ ಪಡೆಯುತ್ತೇವೆ ಎಂದು ಆಮೇಲೆ ಹೇಳಿದರು. ಒಪ್ಪಿದೆನು. ಅತ್ತೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು.

ಇಂದು ಬೆಳಿಗ್ಗೆ ಹತ್ತು ಗಂಟೆಗೆ ಮೆಕ್ಯಾನಿಕ್ ಕಾರು ಒಯ್ಯಲು ಬಂದನು. ಸ್ಟೀರಿಂಗಿನ ಕೆಳಗೆ ಒಂದು ವೈರ್ ಸಿಕ್ಕಿಸಿ, ಬ್ಯಾಟರಿ ಎಷ್ಟು ಬಿಸಿಯಾಗಿದೆ ಎಂದು ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ನೋಡಿದನು. ಸದ್ಯಕ್ಕೆ ಸರಿಯಿದೆ ಎಂದನು. ಅಷ್ಟರಲ್ಲಿ ಅತ್ತೆ ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. "ಒಂದು ರೌಂಡು ಹೋಗಿ ಬರೋಣ ಕಣೇ. ಆಮೇಲೆ ಕೊಡೋದು ಇದ್ದೇ ಇದೆ" ಎಂದರು. ಮೆಕ್ಯಾನಿಕ್ ಯೋಚಿಸಿ, ನಿಧಾನವಾಗಿ ಮೈದಾನ ಮಾತ್ರ ಸುತ್ತಿ ಬರೋಣ, ತಾನು ಪರದೆ ನೋಡುತ್ತಾ ಹಿಂದೆ ಕೂರುವುದಾಗಿ ಹೇಳಿದನು.

ದಾರಿಯಲ್ಲಿ ಅತ್ತೆ ಚಪ್ಪಲಿ ಕಳಚಿ, ಮ್ಯಾಟು ಸವೆದ ಜಾಗದಲ್ಲಿ ಕಾಲಿಟ್ಟುಕೊಂಡಿದ್ದರು. ಮೈದಾನದ ಆಚೆ ಬದಿಯಲ್ಲಿ, ಯಜಮಾನರು ಕೆಲಸ ಮಾಡಿದ ಬಸ್ ಡಿಪೋ ಮುಂದೆ ಬಂದಾಗ, "ಇಲ್ಲೇ ಅಲ್ವಾ, ಅವನಿಗೆ ಊಟದ ಡಬ್ಬಿ ತಂದ್ಕೊಡ್ತಿದ್ದಿದ್ದು" ಎಂದರು. ಹೌದು ಎಂದೆನು.

ಮತ್ತೆ ಮೈದಾನದ ಅಂಚಿಗೆ ಬಂದು ಕಾರು ನಿಲ್ಲಿಸಿದೆನು. ಅತ್ತೆ ಇಳಿಯಲಿಲ್ಲ. ಪೇಂಟ್ ತೆಗೆಯುವ ಎಣ್ಣೆಯಂಥ ಸಿಹಿ ವಾಸನೆ ಬಂತು. ಹಿಂದಿನಿಂದ ಮೆಕ್ಯಾನಿಕ್, "ಟೀಚರಮ್ಮ, ಆಫ್ ಮಾಡಿ ಇಳೀರಿ. ಈಗಲೇ" ಎಂದನು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಇಳಿದೆನು. ಅವನು ಮುಂದಿನ ಬಾಗಿಲು ತೆಗೆದಾಗ ಅತ್ತೆ, "ನೀವು ಹೋಗ್ರಪ್ಪ. ನನ್ನ ಮಗ ಕೂರ್ತಿದ್ದ ಜಾಗ. ಒಂದು ಗಳಿಗೆ ಇದ್ದು ಬರ್ತೀನಿ" ಎಂದರು.

"ಗಳಿಗೆ ಇಲ್ಲ ಅಜ್ಜಿ" ಎಂದವನೇ ಬೆಲ್ಟ್ ಬಿಚ್ಚಿ, ಅವರನ್ನು ಹೆಗಲಿಗೆ ಹಾಕಿಕೊಂಡು ಓಡಿದನು. ಅತ್ತೆ ದಾರಿಯುದ್ದಕ್ಕೂ ಅವನ ಬೆನ್ನಿಗೆ ಗುದ್ದುತ್ತಿದ್ದರು. ನಾವು ಸುಮಾರು ಮೂವತ್ತು ಮೀಟರ್ ಹೋಗಿರಬಹುದು. ಕಾರಿನಡಿಯಿಂದ ಬಿಳಿ ಹೊಗೆ ಬಂತು, ಪಟಪಟ ಸಿಡಿಯಿತು, ಆಮೇಲೆ ಜ್ವಾಲೆ ಎದ್ದಿತು.

ಜನ ಓಡಿ ಬಂದರು. ಹೊಗೆ ವಿಷ, ಹತ್ತಿರ ಹೋಗಬೇಡಿ ಎಂದು ಕೂಗುತ್ತಿದ್ದವನನ್ನೇ ಬೀದಿ ಮೂಲೆಯ ದರ್ಜಿ ಕಾಲರ್ ಹಿಡಿದು ನಿಲ್ಲಿಸಿದನು. ಇವನು ವೈರ್ ಸಿಕ್ಕಿಸಿದ್ದನ್ನು ತಾನು ನೋಡಿದ್ದಾಗಿಯೂ, ಮುದುಕಿಯನ್ನು ಎಳೆದು ಕಾರಿಗೆ ಬೆಂಕಿ ಹಚ್ಚಿದ್ದಾಗಿಯೂ ಹೇಳಿದನು. ಹೌದೇ ಎಂದು ಅತ್ತೆಯನ್ನು ಕೇಳಿದಾಗ, ಸಿಟ್ಟಿನಲ್ಲಿದ್ದ ಅವರು, "ಹೂಂ, ಎಳೆದಿದ್ದು ಇವನೇ" ಎಂದುಬಿಟ್ಟರು. ನನ್ನ ಮಾತು ಯಾರೂ ಕೇಳಲಿಲ್ಲ. ತಮ್ಮ ಠಾಣೆಯವರು ಬಂದು ಅವನನ್ನು ಕರೆದುಕೊಂಡು ಹೋದರು.

ಬೆಂಕಿ ಆರಿಸುವವರು ಒಂದೂವರೆ ಗಂಟೆ ನೀರು ಬಿಟ್ಟರು. ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳುವ ಜಾತಿಯ ಬೆಂಕಿ ಇದು ಎಂದು ನಮ್ಮನ್ನು ದೂರದಲ್ಲೇ ನಿಲ್ಲಿಸಿದರು. ಅಲ್ಲಿಂದಲೇ ಅತ್ತೆ ಮುಂದಿನ ಸೀಟನ್ನು ನೋಡಿದರು. ಸ್ಪ್ರಿಂಗುಗಳು ಮಾತ್ರ ಉಳಿದಿದ್ದವು. ಬಹಳ ಹೊತ್ತು ನೋಡಿ, "ನಡಿಯೇ ಠಾಣೆಗೆ" ಎಂದರು.

ಮೆಕ್ಯಾನಿಕ್ ಬೆಂಕಿ ಹಚ್ಚಿರುವುದಿಲ್ಲ. ಅವನ ವೈರು ಬಿಸಿಯನ್ನು ಅಳೆಯಲು ಮಾತ್ರ. ಅವನಿಲ್ಲದಿದ್ದರೆ ಅತ್ತೆ ಇಂದು ಉಳಿಯುತ್ತಿರಲಿಲ್ಲ. ಅವನ ಮೇಲೆ ನಮ್ಮ ಯಾವ ದೂರೂ ಇರುವುದಿಲ್ಲ.

ನಾನು ಇದನ್ನು ಹೇಳುತ್ತಿರುವಾಗ ಅತ್ತೆ ಅವನ ಪಕ್ಕದ ಬೆಂಚಿನಲ್ಲಿ ಕೂತಿರುತ್ತಾರೆ. ಬೆನ್ನು ನೋವೇನೋ ಎಂದು ಕೇಳಿದರು. ಇಲ್ಲ ಅಜ್ಜಿ ಎಂದನು. "ಸುಳ್ಳು ಹೇಳ್ಬೇಡ. ನಾನು ಜೋರಾಗೇ ಗುದ್ದಿದ್ದೆ" ಎಂದು ಅವನ ಬೆನ್ನು ಸವರುತ್ತಿದ್ದಾರೆ. ಇದನ್ನೂ ಸೇರಿಸಿ ಎಂದೆನು. ಪೇದೆ ಈ ಸಲ ಬೇಡ ಎನ್ನದೆ ಬರೆದುಕೊಂಡರು.

ಬರೆದದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನ: ಶನಿವಾರ, ಮಧ್ಯಾಹ್ನ
ಸಹಿ: ಟೀಚರಮ್ಮ