ಪೇಶನ್ಸ್ ಹೊಲಿದ ಕೌದಿ

ಕಡಲ ಕಡೆಯಿಂದ ಎದ್ದ ಗಾಳಿಮಳೆ ಸಂಜೆಗೇ ಮ್ಯಾಸಚೂಸೆಟ್ಸ್‌ನ ನಮ್ಮ ಪುಟ್ಟ ಊರಿನ ಕರೆಂಟು ತೆಗೆದಿತ್ತು. ಟಿಲ್ಕಾಟ್ ಮನೆತನದ ಬ್ರಿಟಿಷರ ಕಾಲದ ಕಾಗದಪತ್ರಗಳನ್ನು ಕಾಪಾಡುವ ಸಂಘದವರು ನಾವು. ಸಭೆಗೆ ಸೇರಿದ್ದ ಐದಾರು ಮಂದಿ ಆ ಮನೆತನದ ಹಳೇ ಮನೆಯ ಅಡುಗೆಮನೆಯಲ್ಲೇ ಸಿಕ್ಕಿಬಿದ್ದೆವು. ಒಲೆಗೆ ಸೌದೆ ಒಟ್ಟಿ, ಬಿಸಿ ಸೇಬಿನ ರಸ ಹಂಚಿಕೊಂಡು, ಮತ್ತೆ ಸಭೆಯ ವಿಷಯಕ್ಕೇ ಬಂದೆವು. ಮಹಡಿಯ ಮೇಲಿನ ಕೌದಿಯನ್ನು ಬಿಚ್ಚಬೇಕೇ, ಬೇಡವೇ? ಅದರೊಳಗೆ ಜಡ್ಜ್ ಜೊಸಾಯ ಟಿಲ್ಕಾಟನ ಮೊದಲ ಹೆಂಡತಿಯ ಪತ್ರಗಳಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಬಿಚ್ಚಿ ಓದಿಯೇ ತೀರಬೇಕೆಂದು ಕಾರ್ಯದರ್ಶಿ ಲಿಡಿಯಾ ಹಠ ಹಿಡಿದಿದ್ದಳು. ಆ ವಂಶದಲ್ಲಿ ಉಳಿದಿರುವ ಒಬ್ಬಳೇ ಹಿರಿಯಳು, ಎಂಬತ್ತು ದಾಟಿದ ಡಾರ್ಕಸ್ ಅಜ್ಜಿ, ಲೋಟ ಕೆಳಗಿಟ್ಟಳು.

"ಬಿಚ್ತೀಯಾ? ಬಿಚ್ಚು ತಾಯಿ, ನಿನ್ನ ತಡೆಯೋರು ಯಾರು? ಆದ್ರೆ ಮೊದ್ಲು ಕೇಳು...

ಅದನ್ನ ಹೊಲಿದೋಳು ಜಡ್ಜನ ಎರಡನೇ ಹೆಂಡ್ತಿ. ಹೆಸರೇನೋ ಪೇಶನ್ಸ್, ತಾಳ್ಮೆ ಅನ್ನೋದು ಆ ಹೆಸರಲ್ಲಿ ಬಿಟ್ರೆ ಬೇರೆಲ್ಲೂ ಇರ್ಲಿಲ್ಲ. ಆಗಿನ ಪದ್ಧತಿ ಹೆಂಗಿತ್ತು? ಎರಡನೇಯೋಳಿಗೆ ಹುಟ್ಟಿದ ಮೊದಲ ಹೆಣ್ಣುಮಗೂಗೆ ಸತ್ತೋಳ ಹೆಸರೇ ಇಡೋದು. ಹೊತ್ತು ಹೆತ್ತು, ತೊಟ್ಟಿಲು ತೂಗ್ತಾ, 'ಮೆಹಿಟಬಲ್, ಮೆಹಿಟಬಲ್' ಅಂತ ದಿನವಿಡೀ ಸವತಿ ಹೆಸರನ್ನೇ ಕರೀಬೇಕಂದ್ರೆ... ಹೊಟ್ಟೆ ಉರಿಯಲ್ವೇನ್ರೇ? ಗಂಡ ಬೇರೆ, ಆ ಹೆಸರು ಹೇಳುವಾಗ ಮಾತ್ರ ದನಿ ಮೆತ್ತಗೆ ಮಾಡ್ಕೊಳ್ತಿದ್ನಂತೆ. ಅವಳು ಏನ್ಮಾಡಿದ್ಲು? ಸವತಿ ಪತ್ರಗಳನ್ನೆಲ್ಲ ಆರು ಮೂಲೆಯ ತುಂಡು ಮಾಡಿ ಕತ್ತರಿಸಿ, ಒಂದೊಂದರ ಮೇಲೂ ಬಟ್ಟೆ ಮಡಚಿ ಹೊಲಿದು, ಕೌದಿ ಕೂಡಿಸಿದ್ಲು. ಹೊಲಿಗೆ ಮುಗಿದ ಮೇಲೆ ಒಳಗಿನ ಕಾಗದ ಎಳೆದು ಬಿಸಾಕ್ತಾರೆ, ಎಲ್ಲರೂ ಹಂಗೇ ಮಾಡೋದು. ಇವಳು ಎಳೀಲಿಲ್ಲ. ಹಂಗೇ ಗಂಡನಿಗೆ ಹೊದಿಸಿದ್ಲು... ಅವನು ಹೊರಳಿದಾಗೆಲ್ಲ ಸರಸರ ಅಂತಿತ್ತಂತೆ."

ಅಜ್ಜಿ ಒಲೆಯ ಕೆಂಡ ಕೆದಕಿದಳು.

"ನಮ್ಮಮ್ಮ ಸತ್ತಾಗ ನಾನಿನ್ನೂ ಚಿಕ್ಕೋಳು. ಅಪ್ಪ ಕಾನ್‌ಸ್ಟನ್ಸ್ ಚಿಕ್ಕಮ್ಮನ್ನ ಮದುವೆಯಾಗಿ ಕರ್ಕೊಂಡು ಬಂದ್ರು. ಕೆಟ್ಟೋಳಲ್ಲ ಕಣ್ರೇ, ನಂಗೆ ಜಡೆ ಹೆಣೆಯೋಳು, ಜ್ವರ ಬಂದ್ರೆ ಪಕ್ಕ ಬಿಟ್ಟು ಏಳ್ತಿರ್ಲಿಲ್ಲ. ಆದ್ರೆ ಈ ಮನೇಲಿ ಎಲ್ಲಿ ಕೈ ಹಾಕಿದ್ರೂ ನಮ್ಮಮ್ಮನೇ! ಮನೆತನದ ಕಾಗದಗಳನ್ನೆಲ್ಲ ವಿಂಗಡಿಸಿ ಪೆಟ್ಟಿಗೆಗೆ ತುಂಬಿದೋಳು ನಮ್ಮಮ್ಮ. ಬಂದ ನೆಂಟರೆಲ್ಲ ಅವಳನ್ನ ಹೊಗಳೋರು, ಚಿಕ್ಕಮ್ಮ ಟೀ ಕೊಡ್ತಾ ನಗೋಳು... ಆ ನಗು ನೋಡ್ಬೇಕಿತ್ತು ನೀವು! ಒಂದಿನ ಆ ಕೌದಿಗೆ ಮುಖ ಒತ್ಕೊಂಡು, 'ನಿನ್ ಸಂಕಟ ನಂಗೊಬ್ಬಳಿಗೇ ಗೊತ್ತು ಕಣಕ್ಕ' ಅಂತ ಅತ್ಲು. ಬಾಗಿಲಲ್ಲಿ ನಿಂತು ನಾನೇ ಕೇಳಿದ್ದೀನಿ.

ಅಕ್ಕ ಅಂತ ಕರೆದ್ಮೇಲೆ ಆ ಪೇಶನ್ಸ್ ಸುಮ್ನಿರ್ತಾಳಾ? ಮಾರನೇ ಬೆಳಿಗ್ಗೆ ಕೌದಿ ಅಂಚಿಗೆ ಹೊಸ ತುಂಡು ಸೇರಿತ್ತು. ಅದೇ ಹಳೇ ಕಾಲದ ಬಟ್ಟೆ, ಅದೇ ಒತ್ತೊತ್ತು ಹೊಲಿಗೆ... ಹಿಂಬದಿ ತಿರುಗಿಸಿದ್ರೆ ಬೆಳ್ಳಗಿನ ಕಾಗದ, ನಮ್ಮಮ್ಮ ಮದುವೆಗೆ ಮುಂಚೆ ಅಪ್ಪನಿಗೆ ಬರೆದ ಪತ್ರ. ಅವತ್ತು ತಿಂಡಿಗೆ ಕೂತಾಗ ಅಪ್ಪ ಅಮ್ಮನ ಪಿಯಾನೋ ನೋಡಿ, 'ಈ ಪಿಯಾನೋ ಯಾಕಿದೆ ನಮ್ಮನೇಲಿ? ಯಾರು ನುಡಿಸ್ತಿದ್ರು?' ಅಂದ್ರು. ಚಿಕ್ಕಮ್ಮನ ಮುಖ ಅರಳಿಬಿಡ್ತು. ಆಮೇಲೆ ಒಂದೊಂದೇ ಪತ್ರ ಕೌದಿಗೆ ಹೋಗೋದು, ಅಪ್ಪನ ಮನಸ್ಸಿಂದ ಅಮ್ಮ ಒಂದಿಷ್ಟು ಹೋಗೋಳು. ಅವಳ ಹಾಡು ಹೋಯ್ತು, ಕೈರುಚಿ ಹೋಯ್ತು, ಸಮಾಧಿಗೆ ಹೂವಿಡೋದೂ ಹೋಯ್ತು. ಚಿಕ್ಕಮ್ಮ ಗೆದ್ದೆ ಅಂದ್ಕೊಂಡು ಓಡಾಡಿದ್ಲು... ಎಲ್ಲಿ ತನಕ?

ಒಂದು ಭಾನುವಾರ ಚರ್ಚಿಗೆ ಹೊರಟಾಗ ನಾನು ಅಪ್ಪನ ಕೈ ಹಿಡ್ಕೊಂಡೆ. ಅಪ್ಪ ಮೆಲ್ಲಗೆ ಬಿಡಿಸ್ಕೊಂಡು, 'ಕಾನ್‌ಸ್ಟನ್ಸ್, ಪಾಪ, ಈ ಮಗು ಯಾರ ಮನೇದು?' ಅಂದ್ರು.

ಅಪ್ಪ ಯುದ್ಧದಲ್ಲಿದ್ದಾಗ, ನಾನು ಹುಟ್ಟಿದ ಸುದ್ದಿ ಅಮ್ಮ ಬರೆದು ಕಳಿಸಿದ್ಲು... ಆ ಪತ್ರಾನೂ ಕೌದಿಗೆ ಹೋಗಿತ್ತು. ಚಿಕ್ಕಮ್ಮ ಕಿರುಚ್ಕೊಂಡು ಮೇಲೆ ಓಡಿ, ಹೊಸ ತುಂಡು ಕತ್ತರಿಸಿ ಬಿಚ್ಚಿದ್ಲು. ಒಳಗಿನ ಕಾಗದ ಖಾಲಿ! ಒಂದಕ್ಷರ ಇಲ್ಲ. ಇನ್ನೊಂದು ಬಿಚ್ಚಿದ್ಲು, ಅದೂ ಖಾಲಿ. 'ಸಾಕಕ್ಕ, ನಂಗೇನೂ ಬೇಡ, ಮಗೂನ ಬಿಟ್ಟುಬಿಡು' ಅಂತ ನೆಲಕ್ಕೆ ಬಿದ್ದು ಬೇಡ್ಕೊಂಡ್ಲು. ಹೊಟ್ಟೆಕಿಚ್ಚಿಗೆ ಕಿವಿ ಎಲ್ಲಿರುತ್ತೆ? ಅಪ್ಪ ಸಾಯೋ ತನಕ ನನ್ನ ಯಾರೋ ನೆಂಟರ ಮಗು ಅಂತಾನೇ ಮಾತಾಡಿಸಿದ್ರು. ಚಿಕ್ಕಮ್ಮನೇ ನನ್ನ ಎದೆಗಪ್ಪಿ ಬೆಳೆಸಿದ್ಲು. ನಾನೂ ಮರೆತುಬಿಡ್ತೀನಿ ಅನ್ನೋ ಭಯಕ್ಕೆ, ಅಮ್ಮನ ಹೆಸರು ಹೇಳಿಸಿಯೇ ಮಲಗಿಸೋಳು. ಇವತ್ತಿಗೂ ಹೇಳ್ದೆ ಮಲಗಲ್ಲ ನಾನು."

ಲಿಡಿಯಾ ಅಜ್ಜಿಯ ಕೈ ಮೇಲೆ ಕೈಯಿಟ್ಟಳು. "ಬಿಚ್ಚಲ್ಲ ಬಿಡಿ ಅಜ್ಜಿ. ನಿಮ್ಮಮ್ಮನ ಹೆಸರೇನು?"

ಅಜ್ಜಿ ಬಾಯಿ ತೆರೆದಳು. ತುಟಿ ಅಲುಗಿತು, ಹೆಸರು ಮಾತ್ರ ಬರಲಿಲ್ಲ. ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ನಿನ್ನೆ ಮಲಗುವಾಗ ಹೇಳಿದ್ದೆ ಕಣೇ... ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀನಿ. ಮೇಲೆ ಹೋಗಿ ನೋಡೋಕೆ ಧೈರ್ಯ ಬರ್ತಿಲ್ಲ... ನೀನೊಂದ್ಸಲ ಹೋಗಿ, ಹೊಸ ತುಂಡು ಬಂದಿದ್ಯಾ ನೋಡ್ಕೊಂಡು ಬರ್ತೀಯಾ ತಾಯಿ?"