ಒಂಬತ್ತನೇ ನಿಯಮ ಮತ್ತು ಬುಧವಾರದ ಸೋರೆಕಾಯಿ

ಮಾನ್ಯ ಅಧ್ಯಕ್ಷರೇ, ಖಜಾಂಚಿ ಆವಲಪ್ಪನವರೇ, ಮಾರತ್ತಹಳ್ಳಿ ಪೀಜಿ ಮಾಲೀಕರ ಸಂಘದ ವಾರ್ಷಿಕೋತ್ಸವಕ್ಕೆ ರಿಂಗ್ ರೋಡಿನ ಟ್ರಾಫಿಕ್ ಗೆದ್ದು ಬಂದಿರುವ ವೀರ ಸಭಿಕರೇ,

ಸಂಘದ ಕಾರ್ಯದರ್ಶಿ ಪಂಚಾಕ್ಷರಿಯಾದ ನಾನು ಈಗ ಒಂದು ಐತಿಹಾಸಿಕ ಘೋಷಣೆ ಮಾಡಲಿದ್ದೇನೆ. ಮೊಬೈಲ್ ಕೆಳಗಿಡಿ. ಇಂದಿನಿಂದ ನಮ್ಮ ಸಂಘದ ಯಾವ ಪೀಜಿಯಲ್ಲೂ ಬುಧವಾರ ರಾತ್ರಿ ಸೋರೆಕಾಯಿ ಸಾಂಬಾರ್ ಇರುವುದಿಲ್ಲ!

ಚಪ್ಪಾಳೆ ಸಾಕು, ಕೂತ್ಕೊಳ್ಳಿ. ಈ ಕ್ರಾಂತಿಗೆ ಮೂರು ಸಭೆ ಮತ್ತು ಒಂದು ಉಪಸಮಿತಿ ಬೇಕಾಯಿತು. ನಮ್ಮ ಪೀಜಿಯ ಅಡುಗೆಮನೆ ಆಳುವ ನನ್ನ ಶ್ರೀಮತಿ ಭದ್ರಮ್ಮನವರ ಕೋಪವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಸೋರೆಕಾಯಿಯನ್ನೇ ಹೊರಹಾಕಿದ ಸಂಘ ಒಂಬತ್ತನೇ ನಿಯಮವನ್ನು ಹೊರಹಾಕಲಾರದೇ?

ಯಾವುದಪ್ಪಾ ಈ ಒಂಬತ್ತನೇ ನಿಯಮ ಅಂತ ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ತಪ್ಪು ನಿಮ್ಮದಲ್ಲ. ನಮ್ಮೆಲ್ಲರ ಅಗ್ರಿಮೆಂಟೂ ಯಾರೋ ಬರೆದದ್ದರ ಜೆರಾಕ್ಸಿನ ಜೆರಾಕ್ಸು. ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಆದರೂ ಏಳನೇ ನಿಯಮದ ಪ್ರಕಾರ ಲಿಫ್ಟಿನಲ್ಲಿ ಸೈಕಲ್ ಸಾಗಿಸುವಂತಿಲ್ಲ. ಇದುವರೆಗೆ ಯಾರೂ ಸಾಗಿಸಿಲ್ಲ, ಹೆಮ್ಮೆಯ ವಿಷಯ. ಒಂಬತ್ತನೆಯದು ಹೀಗಿದೆ: "ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗೆ ಪ್ರವೇಶವಿಲ್ಲ. ತಿಳಿದುಬಂದಲ್ಲಿ ಅಂದೇ ಖಾಲಿ ಮಾಡತಕ್ಕದ್ದು."

ಇದಕ್ಕೆ ಸುಕೃತಿ ಸಹಿ ಹಾಕಿದ್ದಳು. ನಮ್ಮ ಪೀಜಿಯ ಹುಡುಗಿ, ಇಪ್ಪತ್ಮೂರು ವರ್ಷ, ಕಾಲ್ ಸೆಂಟರ್ ಕೆಲಸ. ಅವಳ ವಿಷಯ ಇಲ್ಲಿ ಹೇಳಲು ಅವಳದೇ ಅಪ್ಪಣೆಯಾಗಿದೆ. "ನನ್ನ ಹೆಸರು ಹೇಳ್ಬಿಡಿ ಅಂಕಲ್, ಇಲ್ಲಾಂದ್ರೆ ಎಲ್ರೂ ಪಾಪ ಪ್ರಿಯಾಂಕಾನೇ ಅನ್ಕೋತಾರೆ." ಪ್ರಿಯಾಂಕಾ ಅವಳ ರೂಂಮೇಟ್.

ಸುಕೃತಿ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದಳು, ಚೆನ್ನಾಗಿಯೇ ಇದ್ದಳು. ನಮ್ಮಲ್ಲಿಗೆ ಬಂದ ಮೇಲೆ ಮಾತ್ರೆಗಳು ಸೋಪಿನ ಪುಡಿಯ ಡಬ್ಬಿ ಸೇರಿದವು. ಬೀರುವಿಗೆ ಬೀಗವಿಲ್ಲ, ಕೋಣೆಯಲ್ಲಿ ಮೂವರು, ಗೋಡೆಯ ಮೇಲೆ ನಿಯಮಾವಳಿ. ಯಾರಾದರೂ ಎದುರಿಗಿದ್ದ ದಿನ ಮಾತ್ರೆ ತಪ್ಪಿತು. ಆಮೇಲೆ ಪೂರ್ತಿ ನಿಂತಿತು. ಕೊನೆಗೆ ಹಾಸಿಗೆಯಿಂದ ಏಳುವುದೂ ನಿಂತಿತು. ಭದ್ರಮ್ಮ ಗಂಜಿ ಹಿಡಿದು ಹೋದರೆ ಆ ಮಗು ಕೇಳಿದ ಮೊದಲ ಮಾತೇನು ಗೊತ್ತೇ? "ಆಂಟಿ, ನನ್ನನ್ನ ಖಾಲಿ ಮಾಡಿಸ್ತೀರಾ?"

ಈಗ ಆಸ್ಪತ್ರೆಯಲ್ಲಿದ್ದಾಳೆ, ಚೇತರಿಸಿಕೊಂಡಿದ್ದಾಳೆ. ಸೋಮವಾರ ಮನೆಗೆ ಬಿಡುತ್ತಾರೆ. ನಿನ್ನೆ ಫೋನಿನಲ್ಲಿ "ಬಾಮ್ಮ, ನಿಯಮ ಏನಾದ್ರೂ ಇರ್ಲಿ, ಕಿಟಕಿ ಪಕ್ಕದ ಬೆಡ್ ನಿನಗೇ ಇಡ್ತೀನಿ" ಅಂದೆ. ದೊಡ್ಡ ಉದಾರಿಯ ಹಾಗೆ ಎದೆಯುಬ್ಬಿಸಿಕೊಂಡೇ ಅಂದೆ. ಅವಳೇನಂದಳು? "ನಿಮ್ಮ ಉಪಕಾರ ಬೇಡ ಅಂಕಲ್. ಆ ರೂಲ್ ತೆಗೆದ್ರೆ ಬರ್ತೀನಿ. ಇಲ್ಲಾಂದ್ರೆ ಕೆಲಸ ಬಿಟ್ಟು ಊರಿಗೆ ಹೋಗ್ತೀನಿ. ಮತ್ತೆ ಸೋಪಿನ ಡಬ್ಬಿ ನನ್ನ ಕೈಲಾಗಲ್ಲ."

ಆವಲಪ್ಪನವರು ಕಮಿಟಿಯಲ್ಲಿ ಕೇಳಿದ್ದರು: "ಪಂಚಾಕ್ಷರಿ ಸಾರ್, ಇಲ್ಲದ್ ತಲೆನೋವು ನಮಗ್ಯಾಕೆ? ಏನಾರ ಎಚ್ಚುಕಮ್ಮಿ ಆದ್ರೆ ಸ್ಟೇಷನ್‌ಗೆ ಅಲೆಯೋರ್ ಯಾರು?" ನ್ಯಾಯವಾದ ಭಯ. ಆದರೆ ಆವಲಪ್ಪನವರೇ, ಮಾತ್ರೆ ನುಂಗುವ ಹುಡುಗಿ ಇರುವ ಮನೆಗಿಂತ ಮಾತ್ರೆ ಬಚ್ಚಿಡುವ ಹುಡುಗಿ ಇರುವ ಮನೆಗೆ ಹೆಚ್ಚು ಹೆದರಬೇಕಲ್ಲವೇ?

ನಾನು ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿದವನು. ಅಲ್ಲಿ ಯೂನಿಯನ್ನು ಜಗಳವಾಡಿ ಬರೆಸಿಕೊಂಡ ಒಂದು ಕರಾರಿತ್ತು: ಕಾಯಿಲೆ ರಜೆಯಲ್ಲಿರುವವನ ಲಾಕರನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಬೆನ್ನು ನೋವು ಅಂತ ನಾನೂ ಒಮ್ಮೆ ತಿಂಗಳುಗಟ್ಟಲೆ ರಜೆ ಹಾಕಿದ್ದೆ. ಹೊಸಬನೊಬ್ಬ ನನ್ನ ಲಾಕರಿಗೆ ಕೈಯಿಟ್ಟಾಗ ಪಕ್ಕದ ಮಷೀನಿನ ಬೈರಪ್ಪ ಗದರಿದನಂತೆ: "ಏಯ್, ಅದು ಪಂಚಾಕ್ಷರಿದು ಕಣ್ಲಾ. ಅವ್ನು ಬತ್ತಾನೆ. ಮುಟ್ಬ್ಯಾಡ." ವಾಪಸ್ ಹೋದಾಗ ನನ್ನ ಟೀ ಲೋಟ ಒಳಗೇ ಇತ್ತು. ಆ ಲೋಟ ಹಿಡ್ಕೊಂಡು ನಾನು ಅತ್ತುಬಿಟ್ಟೆ. ಬೆನ್ನಿಗೆ ಏನೂ ಆಗಿರಲಿಲ್ಲ ಕಣ್ರೀ. ಬೆನ್ನು ಚೆನ್ನಾಗಿಯೇ ಇತ್ತು.

ಭದ್ರಮ್ಮ, ಹಾಗೆ ನೋಡಬೇಡ. ಇದು ಬರೆದುಕೊಂಡು ಬಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಇರಲಿ.

ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಯ ಹಾಗೆಯೇ ಕಾಣಿರಿ ಅಂತ ದೇಶದ ಕಾನೂನು 2017ರಲ್ಲೇ ಹೇಳಿದೆ. ಅದು ಮಾರತ್ತಹಳ್ಳಿ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ನಮ್ಮ ಅಗ್ರಿಮೆಂಟಿಗೆ ಇನ್ನೂ ತಲುಪಿಲ್ಲ, ಅಷ್ಟೇ. ಹಾಗಾಗಿ ನನ್ನ ಠರಾವು: ಒಂಬತ್ತನೇ ನಿಯಮ ರದ್ದು. ಅದೇ ಜಾಗದಲ್ಲಿ, ಕಾಮಾಲೆಯಾದವರಿಗೆ ಹೇಗೋ ಹಾಗೆಯೇ, ಚಿಕಿತ್ಸೆಗೆ ಹೋದವರ ಬೆಡ್ ಅವರಿಗಾಗಿ ಕಾಯತಕ್ಕದ್ದು. ಅವರನ್ನು ಕೇಳದೆ ಅವರ ಆಫೀಸಿಗಾಗಲಿ ಮನೆಗಾಗಲಿ ಸುದ್ದಿ ಮುಟ್ಟಿಸತಕ್ಕದ್ದಲ್ಲ. ಇದನ್ನು ಪೀಜಿ ಲೈಸೆನ್ಸಿನ ಷರತ್ತನ್ನಾಗಿ ಮಾಡಿ ಅಂತ ಪಾಲಿಕೆಗೂ ಮನವಿ ಕೊಡೋಣ. ನಮ್ಮ ಸಂಘಕ್ಕೆ ಸೇರದ ಪೀಜಿಗಳಲ್ಲೂ ಸುಕೃತಿಯರಿದ್ದಾರೆ. ಪಾಲಿಕೆಯವರು ಕೇಳದಿದ್ದರೆ ಮತ್ತೆ ಹೋಗೋಣ. ಸೋರೆಕಾಯಿಗೆ ಮೂರು ಸಲ ಸೇರಿದವರು ಇದಕ್ಕೆ ಮೂವತ್ತು ಸಲ ಸೇರಲಾರೆವೇ?

ಒಪ್ಪುವವರು ಕೈ ಎತ್ತಿ. ಎತ್ತಿ ಸ್ವಾಮಿ, ಊಟ ಆಮೇಲೆ. ಆವಲಪ್ಪನವರೇ, ಅರ್ಧ ಎತ್ತಿದ ಕೈಯನ್ನು ನಾನು ಪೂರ್ತಿ ಅಂತಲೇ ಬರೆದುಕೊಳ್ಳುತ್ತೇನೆ. ಹಾಂ, ಈಗ ಪೂರ್ತಿ ಬಂತು. ಠರಾವು ಪಾಸಾಗಿದೆ.

ಕೈ ಎತ್ತಿದವರಿಗೂ, ಪಕ್ಕದವರ ಕೈ ಎತ್ತಿಸಿದವರಿಗೂ ನಾನು ಋಣಿ. ಹೋಗುವ ಮುಂಚೆ ಒಂದು ಸಣ್ಣ ಉಪಕಾರ. ಕಿಟಕಿ ಪಕ್ಕದ ಬೀರುವಿಗೆ ಬೀಗದ ಕೊಂಡಿ ಹಾಕಬೇಕು. ಸೋಮವಾರದೊಳಗೆ ಬರುವ ಬಡಗಿ ಯಾರಾದರೂ ನಿಮಗೆ ಗೊತ್ತಿದ್ದರೆ, ಊಟದ ಸಾಲಿನಲ್ಲಿ ನನಗೆ ಅವರ ನಂಬರ್ ಕೊಟ್ಟು ಹೋಗಿ. ನಮಸ್ಕಾರ.