ಹಿಂದುಮುಂದಾದ ಸುರುಳಿ

ಹಲೋ... ಯಾರು ಮಾತಾಡ್ತಿರೋದು?... ಯಾವ ಪಕ್ಕದ ಮಂಚ?... ಓ, ಆಸ್ಪತ್ರೇಲಿ ನಮ್ಮವರ ಪಕ್ಕದ ಮಂಚದೋರಾ! ಕೊಡಿ, ಕೊಡಿ ಅವರಿಗೆ.

ದರ್ಜಿಯಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ರೇಡಿಯೋ ಮೇಜಿನ ಮುಂದೆ ಕೂತಳು. ಮೊನ್ನೆ ಅವಳ ಗಂಡ ಹಿತ್ತಲಲ್ಲಿ ಹದಿನಾರಡಿಯ ಎರಡನೇ ಆಂಟೆನಾ ಕಂಬ ನಿಲ್ಲಿಸಿ, ವೈರುಗಳನ್ನೆಲ್ಲ ಜೋಡಿಸಿ, ಅದರ ಅಂದ ನೋಡೋಣವೆಂದು ಏಣಿಯ ಮೇಲಿಂದಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಕಾಲು ಮುರಿಯಿತು, ಫೋನು ಒಡೆಯಿತು. ಕಂಬಕ್ಕೆ ಮಾತ್ರ ಏನೂ ಆಗಲಿಲ್ಲ.

ಆ ಕಂಬ ಬೇಕಾಗಿದ್ದು ಅವಳ ತಮ್ಮನಿಗಾಗಿ. ಅವನು ಸಮುದ್ರದಾಚೆ ಒಂದು ದ್ವೀಪದ ಹವಾಮಾನ ಕೇಂದ್ರದಲ್ಲಿ ಕೆಲಸಕ್ಕಿದ್ದ. ಒಂಬತ್ತು ದಿನದಿಂದ ಅಲ್ಲಿ ಫೋನ್ ಸತ್ತಿತ್ತು. ದಿನಾ ಸಂಜೆ ನಾಲ್ಕರಿಂದ ನಾಲ್ಕೂವರೆವರೆಗೆ ರೇಡಿಯೋದಲ್ಲಿ ಕಾಯುತ್ತಿದ್ದ. ಒಂಟಿ ಕಂಬಕ್ಕೆ ಅವನ ದನಿ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಕೇಳುತ್ತಿತ್ತು. ಇವತ್ತು ಬೆಳಿಗ್ಗೆ ಇಲ್ಲಿ ಊರಲ್ಲಿ ಅವನ ಹೆಂಡತಿಗೆ ಹೆರಿಗೆಯಾಗಿತ್ತು. ಆದರೆ ಫೋನ್ ಸಾಯುವ ಮುನ್ನ ಅವನಿಗೆ ತಲುಪಿದ್ದ ಸುದ್ದಿ, ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿದೆ ಎಂಬಲ್ಲಿಗೇ ನಿಂತಿತ್ತು.

ಹಾಂ, ನಾನೇ. ಕಾಲು ಹೇಗಿದೆ?... ನೆಟ್ಟಗೆ ನಿಂತಿದೆ ರೀ ಕಂಬ, ನಾನು ಕೇಳಿದ್ದು ಕಾಲು!

...

ಆಗ್ಲೇ ನಾಲ್ಕೂ ಹತ್ತು. ಕೂಗೀ ಕೂಗೀ ಗಂಟಲು ಒಣಗಿಹೋಯ್ತು. ಮೊದ್ಲು ಸೊಳ್ಳೆನಾದ್ರೂ ಇತ್ತು, ಈಗ ಅದೂ ಇಲ್ಲ... ಇಲ್ಲ ಅಂದ್ರೆ ಇಲ್ಲ. ಬೆಟ್ಟದ ಕಡೆ ಜೇನು ಸಾಕೋನು ಒಬ್ಬ ಮಾತ್ರ ನನ್ನ ಕಿವಿಯೊಳಗೇ ಕೂತಂಗೆ ಮಾತಾಡ್ತಿದಾನೆ... ಏನಂತೆ? ಮಂಡಿ ನೋವಂತೆ. ಎಡ ಮಂಡಿ ಮುಗೀತು, ಈಗ ಬಲಗಡೇದು ಶುರುವಾಗಿದೆ.

...

ಅದಕ್ಯಾಕ್ರೀ ಖುಷಿ ನಿಮಗೆ? ಆಂಟೆನಾ ಕೆಲಸ ಮಾಡ್ತಿದೆ ಅಂತಾನಾ? ಮಂಡಿಗೆ ಮಾಡ್ತಿದೆ, ಮಗೂಗೆ ಮಾಡ್ತಿಲ್ಲ!

...

ಹಾಂ, ಮೇಜಿನ ಹಿಂದೆ ನೋಡ್ತಿದೀನಿ. ಎರಡು ವೈರು. ಕೆಂಪು ದಾರ ಕಟ್ಟಿರೋದು ಸಮುದ್ರದ ಕಡೆ ಕಂಬದ್ದು, ಹಳದಿ ದಾರದ್ದು ಬೆಟ್ಟದ ಕಡೇದು. ಅಲ್ವಾ?... ಹಳದಿಗೆ ಆ ಉದ್ದದ ವೈರಿನ ಸುರುಳಿ ಸೇರಿಸಿದೀರಿ... ಗೊತ್ತು ರೀ, ಆ ಸುರುಳಿ ಸುತ್ತಿಕೊಂಡು ಹೋಗೋ ಕಂಬಕ್ಕೆ ಕರೆಂಟು ತಡವಾಗಿ ತಲುಪುತ್ತೆ. ನಾನೂ ರೇಡಿಯೋ ಲೈಸೆನ್ಸಿನ ಪರೀಕ್ಷೆ ಬರೆದೋಳೇ. ನಿಮಗಿಂತ ಎರಡು ಮಾರ್ಕು ಜಾಸ್ತಿ ಬಂದಿತ್ತು, ಮರೀಬೇಡಿ.

...

ತಡೀರಿ, ನಿಧಾನವಾಗಿ ಹೇಳಿ. ಹಿಂದಿನ ಕಂಬದ ಅಲೆ ಮೊದ್ಲು ಹೊರಡುತ್ತೆ... ಅದು ಬಂದು ಮುಟ್ಟೋವರೆಗೂ ಮುಂದಿನ ಕಂಬ ಕಾಯುತ್ತೆ... ಆಮೇಲೆ ಎರಡೂ ಕೂಡಿಕೊಂಡು ಮುಂದಕ್ಕೆ ನುಗ್ಗುತ್ತವೆ. ಸರಿ. ಈಗ ನೀವೇ ಹೇಳಿ, ನಮಗೆ ಮುಂದೆ ಅಂದ್ರೆ ಯಾವುದು? ಸಮುದ್ರ. ಹಾಗಾದ್ರೆ ಕಾಯಬೇಕಾದ ಕಂಬ ಯಾವುದು?... ಹಲೋ? ಇದೀರಾ?

ಮೂವತ್ತು ವರ್ಷ ಅಂಗಿ ಹೊಲಿದವಳಿಗೆ ಈ ಮೌನದ ಅರ್ಥ ಚೆನ್ನಾಗಿ ಗೊತ್ತಿತ್ತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು, ಆಮೇಲೆ ಅಂಗಿ ಬಿಗಿಯಾಯಿತೆಂದು ಜಗಳಕ್ಕೆ ಬಂದ ಗಿರಾಕಿಗಳೂ ಹೀಗೇ ಸುಮ್ಮನಾಗುತ್ತಿದ್ದರು.

ಎಡತೋಳು ತಂದು ಬಲಕ್ಕೆ ಹೊಲಿದಿದೀರಿ ರೀ... ಏಣಿ ಮೇಲೆ ನಿಂತಾಗ ದಿಕ್ಕು ಬೇರೆ ಥರಾ ಕಾಣುತ್ತಾ? ಸಮುದ್ರ ಏನು ಎದ್ದು ಬಂದು ಬೆಟ್ಟದ ಮೇಲೆ ಕೂತಿರುತ್ತಾ? ಇರ್ಲಿ ಬಿಡಿ... ಹಾಂ, ಸ್ವಿಚ್ ಆಫ್ ಮಾಡಿದೀನಿ. ಸುರುಳಿ ಬಿಚ್ಚಿ ಕೆಂಪಿಗೆ ಹಾಕ್ತೀನಿ. ಈಗ ಗಂಟೆ ನಾಲ್ಕೂ ಇಪ್ಪತ್ತೆರಡು, ಮಾತಾಡಿಸ್ಬೇಡಿ.

ತಿರುಪು ಎರಡು ಸಲ ಜಾರಿತು. ಮೂರನೇ ಸಲ ಕೂತಿತು. ಸ್ವಿಚ್ ಹಾಕಿದಳು. ಮಂಡಿಯವನು ಮಾಯ. ಅವನಿದ್ದ ಜಾಗದಲ್ಲಿ, ಬಾಗಿಲಾಚೆ ನಿಂತು ಕರೆದಷ್ಟು ಹತ್ತಿರದಲ್ಲಿ, ತಮ್ಮನ ದನಿ: ‘ಅಕ್ಕಾ, ಯಾರಾದ್ರೂ ಇದೀರಾ? ಅಕ್ಕಾ!’

ಬಂದ ರೀ, ಬಂದ! ಫೋನ್ ಇಡಬೇಡಿ!... ಲೋ ತಮ್ಮಾ, ನಾನು ಕಣೋ. ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ. ಕೇಳಿಸ್ತಾ? ಇಬ್ರೂ! ಓವರ್.

...

ರೀ, ಅವನು ಅಳ್ತಿದಾನೆ... ಎಷ್ಟು ಜೋರಾಗಿ ಅಂದ್ರೆ?... ಮೀಟರಿನ ಮುಳ್ಳು ನೋಡ್ಬೇಕಾ? ಅಳೋನ ಅಳತೆ ಯಾರಾದ್ರೂ ತಗೋತಾರೇನ್ರೀ?... ಮುಳ್ಳು ಆ ತುದೀಲಿದೆ. ಸಮಾಧಾನ ಆಯ್ತಾ?

...

ಇರಿ, ಏನೋ ಹೇಳ್ತಿದಾನೆ... ಭಾವನ್ನ ಕೇಳ್ತಿದಾನೆ. ಒಂಬತ್ತು ರಾತ್ರಿ ನಿದ್ದೆ ಮಾಡಿಲ್ವಂತೆ, ನಿಮಗೊಂದು ಮಾತು ಹೇಳ್ಬೇಕಂತೆ... ಫೋನನ್ನ ಮೈಕಿಗೆ ಹಿಡೀತೀನಿ, ನೀವೇ ಮಾತಾಡಿ. ಕಾಲಿನ ವಿಷಯ ಎತ್ತಬೇಡಿ. ಹೂಂ, ಮಾತಾಡಿ.

...

ಮಾತಾಡ್ರೀ, ಅವನು ಕಾಯ್ತಿದಾನೆ... ಯಾಕೆ ಸುಮ್ನಾದ್ರಿ?... ಹಲೋ?... ಮೂಗು ಸೊರಸೊರ ಎಳೆದಿದ್ದು ಯಾರು, ಪಕ್ಕದ ಮಂಚದೋರಾ?... ಅಯ್ಯೋ, ನೀವಾ?... ಅಳಿ, ಪರವಾಗಿಲ್ಲ. ತಮ್ಮಾ, ನಿಮ್ಮ ಭಾವಂಗೆ ಮಾತು ಹೊರಡ್ತಿಲ್ಲ ಕಣೋ, ಒಂದು ನಿಮಿಷ... ರೀ, ಕೇಳಿಸ್ತಿದೆಯಾ? ಕಂಬ ನಿಲ್ಸಿದ್ದಕ್ಕೆ ನಾನು ಬೈದಿದ್ದೆನಲ್ಲ, ಅದು ಏನಂದ್ರೆ... ರೀ?... ಹಲೋ?... ಲೈನ್ ಕಟ್ಟಾಯ್ತಾ?... ಹಲೋ...